ತೋಟದ ಕೋವಿ, ಪೇಟೆಯ ಪಿಸ್ತೂಲು

ನಮ್ಮ ಸದಸ್ಯ ಬಾಂಧವರಲ್ಲಿ ಅನೇಕರು ಈಗ ಎರಡು ಮನೆಯವರು. ಒಂದು ಕಾಲು ತೋಟದಲ್ಲಿ, ಇನ್ನೊಂದು ಕಾಲು ಬೆಂಗಳೂರಿನಲ್ಲಿ. ಅಡಿಕೆ ಸುಲಿದು, ಕಾಫಿ ಒಣಗಿಸಿ ಚೀಲ ಕಟ್ಟಿದ ಮೇಲೆ ಜಯನಗರದ ಮಗನ ಮನೆಗೋ ಜೆ.ಪಿ. ನಗರದ ಮಗಳ ಮನೆಗೋ ಹೋಗಿ ಒಂದೆರಡು ತಿಂಗಳು ಇದ್ದು ಬರುವುದು ರೂಢಿಯಾಗಿಬಿಟ್ಟಿದೆ. ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳನ್ನೂ ಸೇರಿಸಿ ನಮ್ಮವರ ಮಕ್ಕಳ ಮನೆಗಳನ್ನು ಎಣಿಸುತ್ತಾ ಹೋದರೆ ಒಂದು ಸಣ್ಣ ಊರೇ ಆದೀತು. ಹೀಗೆ ಹೋಗುವಾಗ ಮಾವಿನಮಿಡಿ ಉಪ್ಪಿನಕಾಯಿ, ಕಾಫಿ ಪುಡಿ, ಬಾಳೆಗೊನೆಗಳ ಜೊತೆಗೆ ಕೆಲವರು ಇನ್ನೊಂದು ವಸ್ತುವನ್ನೂ ಒಯ್ಯುತ್ತಿದ್ದಾರೆಂಬುದು ಈಚೆಗೆ ನಮ್ಮ ಗಮನಕ್ಕೆ ಬಂದಿದೆ. ಅದೇ ರಿವಾಲ್ವರ್ ಇಲ್ಲವೆ ಪಿಸ್ತೂಲು. ಒಯ್ಯುವುದಷ್ಟೇ ಅಲ್ಲ, ಅದನ್ನು ತಮ್ಮ ಕೈಗೆ, ತಮ್ಮ ಅಭಿರುಚಿಗೆ ಒಪ್ಪುವಂತೆ ತಿದ್ದಿಸಿಕೊಳ್ಳುವ ಹವ್ಯಾಸವೂ ಅಲ್ಲಲ್ಲಿ ಇದೆ. ಗೊಬ್ಬರ, ಬೋರ್ಡೋ ದ್ರಾವಣಗಳ ಮಾತಿನ ನಡುವೆ ಇದೇಕೆ ಎಂದು ಓದುಗರು ಹುಬ್ಬೇರಿಸಬಾರದು. ಮುಂದೆ ಹೇಳುವ ಸಂಗತಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರ ಮನೆಯಲ್ಲೇ ನಡೆದದ್ದು. ಅವರ ಒಪ್ಪಿಗೆ ಪಡೆದು, ಹೆಸರನ್ನು ಮಾತ್ರ ಬಿಟ್ಟು, ಇಲ್ಲಿ ಬರೆಯುತ್ತಿದ್ದೇವೆ.

ಜಯನಗರದ ಮನೆಯಲ್ಲಿ ನಡೆದದ್ದು

ಈ ಹಿರಿಯರಿಗೆ ಎಪ್ಪತ್ತೈದು ದಾಟಿದೆ. ಪತ್ನಿ ತೀರಿಕೊಂಡ ಮೇಲೆ ತೋಟವನ್ನು ತಮ್ಮನ ಮಗನಿಗೆ ನೋಡಿಕೊಳ್ಳಲು ಹೇಳಿ ಜಯನಗರದಲ್ಲಿ ಮಗನ ಜೊತೆ ಇದ್ದಾರೆ. ಅವರ ತಂದೆ ಕೊಂಡಿದ್ದ ಹಳೆಯ ವಿಲಾಯತಿ .32 ರಿವಾಲ್ವರ್ ಅವರ ಹೆಸರಿಗೇ ಪರವಾನಗಿ ಆಗಿತ್ತು. ತೋಟದ ಮನೆಯಲ್ಲಿ ನಾವೇ ಎಷ್ಟೋ ಸಲ ಅದನ್ನು ಕಂಡಿದ್ದೆವು. ಬೆಂಗಳೂರಿಗೆ ಬರುವಾಗ ಅದೂ ಪೆಟ್ಟಿಗೆಯಲ್ಲಿ ಬಂತು.

ಹಗಲಿಡೀ ಮನೆಯಲ್ಲಿ ಒಬ್ಬರೇ. ಕೈ ಸುಮ್ಮನಿರುವುದಿಲ್ಲ. ತೋಟದಲ್ಲಿ ಗಾಳಿಗೆ ಬಿದ್ದ ಬೀಟೆ ಮರದ ತುಂಡೊಂದು ಅವರ ಬಳಿ ಇತ್ತು. ಅದರಿಂದ ರಿವಾಲ್ವರಿಗೆ ಹೊಸ ಹಿಡಿ ಮಾಡಿಸಿದರು. ಬಹಳ ಚೆಂದದ ಕೆಲಸ, ಅದರಲ್ಲಿ ಸಂಶಯವಿಲ್ಲ. ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. ಬೆರಳಿನ ಗಂಟುನೋವಿನಿಂದ ಕುದುರೆ ಎಳೆಯುವುದು ಕಷ್ಟವಾಗುತ್ತಿತ್ತು. ಪರಿಚಯದ ಲೇತ್ ಕೆಲಸದವನೊಬ್ಬನ ಕೈಯಲ್ಲಿ ಒಳಗಿನ ಕೊಂಡಿಯನ್ನು ಅರದಿಂದ ಉಜ್ಜಿಸಿ, ಸ್ಪ್ರಿಂಗನ್ನು ಸಡಿಲಿಸಿ, ಹೂವಿನಷ್ಟು ಹಗುರ ಮಾಡಿಸಿಕೊಂಡರು. "ಈಗ ನೋಡಿ ಮಾರಾಯ್ರೆ, ಮಗುವೂ ಎಳೀಬಹುದು" ಎಂದು ನಮಗೇ ಫೋನಿನಲ್ಲಿ ಹೇಳಿ ನಕ್ಕಿದ್ದರು. ಆ ಮಾತಿನ ಅರ್ಥ ಆಗ ನಮಗೂ ಹೊಳೆಯಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಆಯುಧಪೂಜೆಯ ಹಿಂದಿನ ದಿನ ಮಧ್ಯಾಹ್ನ ಅದನ್ನು ಒರೆಸಿ ಪೂಜೆಗೆ ಅಣಿ ಮಾಡಲು ಕೂತರು. ಎಂಟು ದಿನದ ಹಿಂದೆ ಪಕ್ಕದ ಬೀದಿಯಲ್ಲಿ ಕಳವಾಯಿತೆಂಬ ಸುದ್ದಿ ಕೇಳಿ ತಾವೇ ತೋಟಾ ತುಂಬಿದ್ದು ಮರೆತೇ ಹೋಗಿತ್ತು. ಸುತ್ತಿಗೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದು ಅದರ ಸಂದಿಯಲ್ಲಿದ್ದ ಧೂಳನ್ನು ಒರೆಸುತ್ತಿದ್ದರು. ಸವೆದ ಕೊಂಡಿ ಹಿಡಿದು ನಿಲ್ಲಲಿಲ್ಲ. ಈಡು ಹಾರಿತು. ಗುಂಡು ಬೀರುವಿನ ಬಾಗಿಲನ್ನು ತೂರಿ, ಒಳಗಿದ್ದ ಸೀರೆಗಳನ್ನು ಹಾದು, ಹಿಂದಿನ ಗೋಡೆಯಲ್ಲಿ ನೆಟ್ಟಿತು. ಐದು ವರ್ಷದ ಮೊಮ್ಮಗ ಆ ಬೀರುವಿಗೆ ಒರಗಿಕೊಂಡೇ ಅಜ್ಜನ ಕೆಲಸ ನೋಡುತ್ತಿದ್ದನಂತೆ. ಕುಂಕುಮದ ಬಟ್ಟಲು ತರಲು ಅಡಿಗೆಮನೆಗೆ ಹೋಗಿ ಅರ್ಧ ನಿಮಿಷವೂ ಆಗಿರಲಿಲ್ಲ.

ಮರುವಾರ ನಾವು ಆ ಮನೆಗೆ ಹೋದಾಗ ಹಿರಿಯರು ಮಾತಾಡಲಿಲ್ಲ. ಬೀರುವಿನ ತೂತನ್ನು ತೋರಿಸಿದರು. ನೆಲದಿಂದ ಎತ್ತರ ಎಷ್ಟೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಳೆಯುವ ಅಗತ್ಯವಿರಲಿಲ್ಲ.

ಕೋವಿ ಬೇರೆ, ಕೈಪಿಸ್ತೂಲು ಬೇರೆ

ಮಲೆನಾಡಿನವರಿಗೆ ಕೋವಿ ಹೊಸದಲ್ಲ. ಕೇಪಿನ ಕೋವಿಯೋ, ಒಂಟಿ ನಳಿಗೆಯದೋ, ಜೋಡುನಳಿಗೆಯದೋ ಒಂದು ಕತ್ತಿ, ಗುದ್ದಲಿ, ದೋಟಿಗಳ ಹಾಗೆ ಮನೆಯಲ್ಲಿ ಇದ್ದೇ ಇರುತ್ತದೆ. ಆದಕಾರಣ ರಿವಾಲ್ವರ್ ಎಂದರೂ ಅದರದೇ ಒಂದು ಮರಿ ಎಂಬ ಭಾವನೆ ನಮ್ಮಲ್ಲಿದೆ. ಕಾಯಿದೆ ಹಾಗೆ ತಿಳಿಯುವುದಿಲ್ಲ.

1959ರ ಆಯುಧ ಕಾಯಿದೆಯ 13ನೆಯ ಸೆಕ್ಷನ್ ಎರಡನ್ನೂ ಬೇರೆ ಬೇರೆ ಇಟ್ಟಿದೆ. ರಕ್ಷಣೆಗೋ ಕ್ರೀಡೆಗೋ ಬೇಕಾದ, 20 ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿ ಮತ್ತು ನಿಜವಾಗಿ ಬೆಳೆ ಕಾಯಲು ಬೇಕಾದ, ಬಾಯಿಂದ ಮದ್ದು ತುಂಬುವ ಕೋವಿ, ಇವೆರಡೂ ಒಂದು ಗುಂಪು. ಅರ್ಜಿದಾರನಲ್ಲಿ ಬೇರೆ ದೋಷವಿಲ್ಲದಿದ್ದರೆ ಇವಕ್ಕೆ ಪರವಾನಗಿ ಕೊಡಬೇಕೆಂಬುದೇ ಕಾಯಿದೆಯ ಧೋರಣೆ. ಉಳಿದೆಲ್ಲ ಆಯುಧಗಳಿಗೆ, ಅಂದರೆ ರಿವಾಲ್ವರ್ ಪಿಸ್ತೂಲುಗಳಿಗೆ, ತಕ್ಕ ಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆ ಆಗಬೇಕು. "ನನಗೆ ಇಷ್ಟ" ಎಂಬುದು ಕಾರಣವಲ್ಲ. ಜಿಲ್ಲೆಯಲ್ಲಿ ಜಿಲ್ಲಾ ದಂಡಾಧಿಕಾರಿಯವರು, ಬೆಂಗಳೂರು ನಗರದಲ್ಲಿ ಪೊಲೀಸ್ ಕಮಿಷನರು ಈ ಅಧಿಕಾರಿಗಳು. 2016ರ ಆಯುಧ ನಿಯಮಗಳ ಪ್ರಕಾರ ಅರ್ಜಿದಾರರು ಆಯುಧದ ಸುರಕ್ಷಿತ ಬಳಕೆಯ ತರಬೇತಿಯನ್ನೂ ಪಡೆದಿರಬೇಕು.

2019ರ ತಿದ್ದುಪಡಿಯಿಂದ ಇನ್ನೂ ಕೆಲವು ಬದಲಾವಣೆಗಳಾಗಿವೆ. ಹಿಂದೆ ಒಬ್ಬರು ಮೂರು ಬಂದೂಕು ಇಡಬಹುದಿತ್ತು. ಈಗ ಎರಡೇ. ಪರವಾನಗಿಯ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ಮದುವೆ ಮುಂಜಿ, ಜಾತ್ರೆ ಉತ್ಸವಗಳಲ್ಲಿ ಸಂಭ್ರಮಕ್ಕೆಂದು ಅಜಾಗರೂಕತೆಯಿಂದ ಗುಂಡು ಹಾರಿಸಿ ಇತರರಿಗೆ ಅಪಾಯ ಒಡ್ಡಿದರೆ 2 ವರ್ಷದವರೆಗೆ ಸೆರೆ, ಇಲ್ಲವೆ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಬನಶಂಕರಿಯ ಕಲ್ಯಾಣ ಮಂಟಪದಲ್ಲಿ ಮೊಮ್ಮಗಳ ಮದುವೆ ಮಾಡುವ ಹಿರಿಯರು ಇದನ್ನು ನೆನಪಿಡಬೇಕು.

ಕಾಯಿದೆಯ ಮಾತು ಬಿಟ್ಟರೂ ಸ್ಥಳದ ಮಾತು ಇದೆ. ತೋಟದಲ್ಲಿ ಗುರಿ ತಪ್ಪಿದ ಈಡು ಸಾಮಾನ್ಯವಾಗಿ ಮಣ್ಣಿಗೋ ಮರಕ್ಕೋ ಬಡಿಯುತ್ತದೆ. ಬಿ.ಟಿ.ಎಂ. ಬಡಾವಣೆಯಲ್ಲಿ 30 ಅಡಿ ಅಗಲ, 40 ಅಡಿ ಉದ್ದದ ನಿವೇಶನದಲ್ಲಿ ಮೂರು ಮಹಡಿ ಎದ್ದಿರುತ್ತದೆ. ಕೈ ಚಾಚಿದರೆ ಪಕ್ಕದ ಮನೆಯ ಕಿಟಕಿ. ಅಲ್ಲಿ ತಪ್ಪಿದ ಗುಂಡಿಗೆ ಯಾರೋ ಒಬ್ಬರು ಸಿಕ್ಕೇ ಸಿಗುತ್ತಾರೆ.

ಕೊಡಗಿನ ಸದಸ್ಯರಿಗೆ ಒಂದು ಮಾತು

ನಮ್ಮ ಕೊಡಗಿನ ಬಾಂಧವರಿಗೆ ಕೋವಿ ಬರಿಯ ಸಲಕರಣೆಯಲ್ಲ. ಮಗು ಹುಟ್ಟಿದಾಗ ಒಂದು ಈಡು, ಮನೆಯಲ್ಲಿ ಸಾವಾದಾಗ ಎರಡು ಈಡು, ಕೈಲ್ ಪೊಳ್ದ್ ಹಬ್ಬದಲ್ಲಿ ತೋಕ್ ಪೂ ಮುಡಿಸಿ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ. 1861ರ ಫೆಬ್ರವರಿಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ನಿರಾಯುಧೀಕರಣದ ಕಾಯಿದೆ ಕೊಡಗಿಗೆ ಅನ್ವಯಿಸದೆಂದು ಸಾರಿದಂದಿನಿಂದ ಬಂದ ವಿನಾಯಿತಿ ಇದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ ಮುಂದುವರಿಸಿತು. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ಆದರೆ ಈ ವಿನಾಯಿತಿಗೆ ಒಂದು ಗಡಿ ಇದೆ. ಅನೇಕರು ಅದನ್ನು ಓದಿಯೇ ಇಲ್ಲ. ವಿನಾಯಿತಿ ಪಡೆದವರು ಕೊಡಗು ಜಿಲ್ಲೆಯ ಹೊರಗೆ ವಾಸಿಸುವಾಗ ಅಥವಾ ಪ್ರಯಾಣ ಮಾಡುವಾಗ ಇಟ್ಟುಕೊಳ್ಳಬಹುದಾದದ್ದು ಒಂದು ರೈಫಲ್, ಅದಕ್ಕೆ 100 ತೋಟಾ, ಮತ್ತು ಒಂದು ನುಣುಪು ನಳಿಗೆಯ ಕೋವಿ, ಅದಕ್ಕೆ 500 ತೋಟಾ. ಪಿಸ್ತೂಲು ರಿವಾಲ್ವರುಗಳ ಹೆಸರು ಈ ಪಟ್ಟಿಯಲ್ಲಿಲ್ಲ. ಆದ್ದರಿಂದ ವಿನಾಯಿತಿ ಪತ್ರದ ಧೈರ್ಯದ ಮೇಲೆ ಕೈಪಿಸ್ತೂಲನ್ನು ಜೆ.ಪಿ. ನಗರದ ಮಗನ ಮನೆಗೆ ಒಯ್ಯುವುದು ತಪ್ಪು ದಾರಿ.

ಏನನ್ನು ತಿದ್ದಿಸಬಹುದು, ಏನನ್ನು ತಿದ್ದಿಸಬಾರದು

ಯಾವ ಸಲಕರಣೆಯೇ ಆಗಲಿ, ಬಳಸುವವನ ಕೈಗೆ ಹೊಂದಬೇಕೆಂಬ ಆಸೆ ಸಹಜವೇ. ಅಡಿಕೆ ಸುಲಿಯುವ ಕತ್ತಿಯನ್ನು, ಕಾಫಿ ಚಿಗುರು ಸವರುವ ಕತ್ತಿಯನ್ನು ನಾವೆಲ್ಲ ಕಮ್ಮಾರರಿಂದ ನಮ್ಮ ಕೈಗೆ ಸರಿಯಾಗಿ ಮಾಡಿಸಿಕೊಳ್ಳುತ್ತೇವಲ್ಲವೇ? ಆಯುಧದಲ್ಲಿ ಮಾತ್ರ ಎಲ್ಲಿ ನಿಲ್ಲಿಸಬೇಕೆಂಬ ಗೆರೆ ಸ್ಪಷ್ಟವಾಗಿ ತಿಳಿದಿರಬೇಕು.

ಹಿಡಿಯ ಎರಡು ಪಕ್ಕದ ಮರದ ಹಲಗೆಗಳನ್ನು ಬದಲಾಯಿಸಿದರೆ ಆಯುಧದ ವರ್ಗವಾಗಲಿ ನಂಬರಾಗಲಿ ಬದಲಾಗುವುದಿಲ್ಲ. ಹಿಡಿ ದಪ್ಪವಾದರೆ ಬೆರಳು ಕುದುರೆಗೆ ಸರಿಯಾಗಿ ಎಟುಕದು, ತೆಳುವಾದರೆ ಹೊಡೆತಕ್ಕೆ ಕೈಯಲ್ಲಿ ಹೊರಳುತ್ತದೆ. ಆದ್ದರಿಂದ ಇದು ಬರಿಯ ಶೋಕಿಯಲ್ಲ. ಆದರೆ ಬಡಗಿಯ ಅಂಗಡಿಗೆ ಒಯ್ಯಬೇಕಾದದ್ದು ಬಿಚ್ಚಿದ ಹಲಗೆಗಳನ್ನೇ ಹೊರತು ರಿವಾಲ್ವರನ್ನಲ್ಲ. ಪರವಾನಗಿ ಇಲ್ಲದವನ ವಶಕ್ಕೆ ಆಯುಧ ಕೊಟ್ಟರೆ ಅದೇ ಒಂದು ಅಪರಾಧ. ತೊಗಲಿನ ಚೀಲ, ಇಡುವ ಪೆಟ್ಟಿಗೆ, ಅದರ ಬೀಗ, ಇವುಗಳಲ್ಲಿ ನಿಮ್ಮ ಅಭಿರುಚಿಯನ್ನು ಧಾರಾಳವಾಗಿ ತೋರಿಸಬಹುದು.

ಇನ್ನು ಮುಟ್ಟಲೇಬಾರದ ಸಂಗತಿಗಳು.

ಮೊದಲನೆಯದು, ನಳಿಗೆ. ಜೇಬಿನಲ್ಲಿ ಹಿಡಿಯಲೆಂದು ನಳಿಗೆಯನ್ನು ಕತ್ತರಿಸಿಕೊಳ್ಳುವ ಚಪಲ ಕೆಲವರಿಗಿದೆ. ಕಾಯಿದೆಯ 6ನೆಯ ಸೆಕ್ಷನ್ ಇದನ್ನು ನಿಷೇಧಿಸಿದೆ. ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಪರಿವರ್ತಿಸುವುದನ್ನೂ 2019ರಲ್ಲಿ ಇದಕ್ಕೆ ಸೇರಿಸಲಾಗಿದೆ. ಶಿಕ್ಷೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಸೆರೆ. ಒಂದು ಅಂಗುಲ ಉಕ್ಕಿಗೆ ಏಳು ವರ್ಷ! ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬುದನ್ನು ಅಡಿಕೆ ಬೆಳೆಯುವ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಎರಡನೆಯದು, ಒಳಗಿನ ಯಂತ್ರ. ಬಂದೂಕನ್ನು ರಿಪೇರಿ ಮಾಡಲು, ಪರಿವರ್ತಿಸಲು 5ನೆಯ ಸೆಕ್ಷನ್ ಪ್ರಕಾರ ಪ್ರತ್ಯೇಕ ಪರವಾನಗಿ ಬೇಕು. ಲೇತಿನವನಿಗೆ ಅದಿಲ್ಲ, ಊರ ಕಮ್ಮಾರನಿಗೂ ಇಲ್ಲ. ಕುದುರೆ ಬಿಗಿಯಾಗಿರುವುದು ತಯಾರಕರ ಅಜ್ಞಾನದಿಂದಲ್ಲ. ಬೇಕೆಂದು ಎಳೆದಾಗ ಮಾತ್ರ ಹಾರಲಿ ಎಂದೇ ಆ ಬಿಗಿ. ಜಯನಗರದ ಮನೆಯಲ್ಲಿ ಸವೆದದ್ದು ಕೂದಲೆಳೆಯಷ್ಟು ಉಕ್ಕು ಮಾತ್ರ.

ಮೂರನೆಯದು, ನಂಬರು. ಹೊಳಪು ಕೊಡಿಸುವಾಗ, ಬೆಳ್ಳಿಬಣ್ಣದ ಲೇಪ ಹಾಕಿಸುವಾಗ, ಚಿತ್ತಾರ ಕೆತ್ತಿಸುವಾಗ ತಯಾರಕರ ಹೆಸರು ಮತ್ತು ನಂಬರು ಅಳಿಸಿಹೋದರೆ ಅಪರಾಧ ನಿಮ್ಮ ತಲೆಗೇ ಬರುತ್ತದೆ.

ನಾಲ್ಕನೆಯದು, ಸದ್ದಡಗಿಸುವ ಕೊಳವೆ. ಕಾಯಿದೆಯ ವ್ಯಾಖ್ಯೆಯಲ್ಲಿ ಸದ್ದು ಮತ್ತು ಬೆಂಕಿಯ ಮಿಂಚನ್ನು ತಗ್ಗಿಸುವ ಸಾಧನವೂ ಬಂದೂಕಿನಲ್ಲೇ ಸೇರಿದೆ. ಅದನ್ನು ಆಟದ ಸಾಮಾನೆಂದು ತಿಳಿಯಬೇಡಿ.

ಐದನೆಯದು, ತೋಟಾ. .32 ಎಂಬ ಒಂದೇ ಅಳತೆಯ ಹೆಸರಿನಲ್ಲಿ ರಿವಾಲ್ವರಿನ ತೋಟಾ ಬೇರೆ, ಪಿಸ್ತೂಲಿನ ತೋಟಾ ಬೇರೆ. ಒಂದರದ್ದು ಇನ್ನೊಂದಕ್ಕೆ ಸಲ್ಲದು. ಸಿಕ್ಕಿದ್ದನ್ನು ಹೊಂದಿಸಲೆಂದು ಗೂಡನ್ನು ಕೊರೆಸುವವರು ತಮ್ಮ ಕೈಬೆರಳುಗಳನ್ನೇ ಪಣಕ್ಕಿಟ್ಟಂತೆ.

ಹಗುರವಾದದ್ದು ಬೇಕೆಂದರೆ ಹಳೆಯದನ್ನು ಕೊಯ್ಯಿಸುವ ಅಗತ್ಯವೂ ಇಲ್ಲ. ಸರ್ಕಾರಿ ಕಾರ್ಖಾನೆಗಳೇ ಬಗೆಬಗೆಯವನ್ನು ಮಾಡಿವೆ. ಕಾನ್ಪುರದಲ್ಲಿ 2014ರಲ್ಲಿ ಹೊರತಂದ ನಿರ್ಭೀಕ್ ಎಂಬ .32 ರಿವಾಲ್ವರಿನ ತೂಕ ಸುಮಾರು 500 ಗ್ರಾಂ. 2023ರಲ್ಲಿ ಅಲ್ಲಿಂದಲೇ ಬಂದ ಪ್ರಬಲ್ 675 ಗ್ರಾಂ ತೂಗುತ್ತದೆ, ನಳಿಗೆ 76 ಮಿಲಿಮೀಟರ್. ಹಳೆಯ ಮಾದರಿಯಂತೆ ನಡುವೆ ಮಡಿಸದೆ ಇದರ ತೋಟಾ ಉರುಳೆಯನ್ನು ಪಕ್ಕಕ್ಕೆ ಸರಿಸಿ ತುಂಬಬಹುದು. ತಕ್ಕ ಕಾರಣವೂ ಪರವಾನಗಿಯೂ ಇರುವವರು ಕೈಗೆ ಹೊಂದುವುದನ್ನು ಆರಿಸಿಕೊಳ್ಳಲಿ. ಆರಿಸುವುದು ಬೇರೆ, ಅರ ಹಾಕುವುದು ಬೇರೆ.

ಹಿರಿಯರ ಆಯುಧ, ಕಿರಿಯರ ಪಾಡು

ನಮ್ಮ ಸದಸ್ಯರ ಮನೆಗಳಲ್ಲಿರುವ ರಿವಾಲ್ವರುಗಳಲ್ಲಿ ಹೆಚ್ಚಿನವು ತಂದೆ ತಾತಂದಿರ ಕಾಲದವು. 1980ರ ದಶಕದ ಮಧ್ಯದಿಂದ ಸಾಮಾನ್ಯರಿಗೆ ವಿಲಾಯತಿ ಕೈಪಿಸ್ತೂಲುಗಳ ಆಮದು ನಿಂತುಹೋದ ಕಾರಣ ಅವುಗಳ ಬೆಲೆಯೂ ಹೆಚ್ಚು, ಮೋಹವೂ ಹೆಚ್ಚು. ಯಜಮಾನರು ತೀರಿಕೊಂಡ ಮೇಲೆ ಬೀರುವಿನಲ್ಲಿ ಸುಮ್ಮನೆ ಇಟ್ಟುಕೊಂಡಿರುವುದು ಅಪರಾಧ. ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯಬೇಕು. ವಾರಸುದಾರರು ಆಮೇಲೆ ತಮ್ಮ ಹೆಸರಿಗೆ ಅರ್ಜಿ ಹಾಕಬಹುದು.

ಸಾಯುವ ತನಕ ಕಾಯಬೇಕೆಂದೂ ಇಲ್ಲ. ಪರವಾನಗಿದಾರರಿಗೆ 70 ವರ್ಷ ತುಂಬಿದರೆ, ಅಥವಾ ಆಯುಧ ಅವರ ಬಳಿ 25 ವರ್ಷ ಇದ್ದಿದ್ದರೆ, ಬದುಕಿರುವಾಗಲೇ ವಾರಸುದಾರರಿಗೆ ವರ್ಗಾಯಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ತೋಟದ ಪಾಲುಪಟ್ಟಿ ಮಾಡುವಾಗ ಇದನ್ನೂ ಇತ್ಯರ್ಥ ಮಾಡಿಬಿಡುವುದು ಜಾಣತನ. ಊರು ಬದಲಾಯಿಸಿದವರು ಹೊಸ ಊರಿನ ಅಧಿಕಾರಿಗೆ ಕೂಡಲೇ ತಿಳಿಸಬೇಕು. ನಮ್ಮ ಹಿರಿಯರು ಮೂರು ವರ್ಷ ಅದನ್ನೂ ಮಾಡಿರಲಿಲ್ಲ.

ಕೈಗೆ ಒಪ್ಪುವ ಪಿಸ್ತೂಲಿಗೆ ಸರಿಯಾದ ಜಾಗ

ಹಾಗಾದರೆ ಪಿಸ್ತೂಲನ್ನು ತನ್ನ ಕೈಗೆ ಹೊಂದಿಸಿಕೊಳ್ಳುವ ಆಸೆಗೆ ಎಲ್ಲೂ ಜಾಗವಿಲ್ಲವೇ? ಇದೆ. ಅದು ಗುರಿ ಅಭ್ಯಾಸದ ಮೈದಾನ.

ಸ್ಪರ್ಧೆಯ 10 ಮೀಟರ್ ಏರ್ ಪಿಸ್ತೂಲಿನ ಮರದ ಹಿಡಿಯನ್ನು ಅರದಿಂದ ಉಜ್ಜಿ, ಮರದ ಮೇಣ ತುಂಬಿ, ಆಟಗಾರನ ಅಂಗೈಗೆ ಅಚ್ಚು ಹೊಯ್ದಂತೆ ಕೂರಿಸುತ್ತಾರೆ. ಅಲ್ಲಿಯೂ ನಿಯಮವಿದೆ. ಒಟ್ಟು ತೂಕ 1500 ಗ್ರಾಂ ಮೀರಬಾರದು, ಕುದುರೆಯ ಬಿಗಿ 500 ಗ್ರಾಂಗೆ ಕಡಿಮೆ ಇರಬಾರದು. ಹಗುರ ಮಾಡುವುದಕ್ಕೆ ಸ್ಪರ್ಧೆಯವರೂ ಒಂದು ಕಟ್ಟೆ ಕಟ್ಟಿದ್ದಾರೆಂಬುದನ್ನು ಗಮನಿಸಿ. 50 ಮೀಟರ್ ಫ್ರೀ ಪಿಸ್ತೂಲಿನಲ್ಲಂತೂ ಹಿಡಿ ಇಡೀ ಕೈಯನ್ನೇ ಸುತ್ತಿಕೊಂಡಿರುತ್ತದೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ. 2016ರಲ್ಲಿ ಅವರು ರಿಯೋ ಒಲಿಂಪಿಕ್ಸಿಗೂ ಹೋದರು. ಬೆಂಗಳೂರಿನವರೇ ಆದ ದಿವ್ಯಾ ಟಿ.ಎಸ್. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಏರ್ ಪಿಸ್ತೂಲಿನಲ್ಲಿ ಎರಡು ಬೆಳ್ಳಿ ತಂದರು. 4.5 ಮಿಲಿಮೀಟರ್ ಮೀರದ, 20 ಜೂಲ್‌ಗಿಂತ ಹೆಚ್ಚು ಶಕ್ತಿಯಿಲ್ಲದ ಏರ್ ಪಿಸ್ತೂಲಿಗೆ ಪರವಾನಗಿಯ ತಾಪತ್ರಯವೂ ಇಲ್ಲ. ಆದರೂ ಅದು ಆಟಿಕೆಯಲ್ಲ, ಕಣ್ಣು ತೆಗೆಯಬಲ್ಲದು.

ಕೊನೆಯ ಮಾತು

ಜಯನಗರದ ಹಿರಿಯರ ಜೊತೆ ನಾವೇ ಠಾಣೆಗೆ ಹೋಗಿದ್ದೆವು. ನಡೆದದ್ದನ್ನು ನಡೆದಂತೆ ಬರೆದುಕೊಟ್ಟು, ರಿವಾಲ್ವರನ್ನೂ ಉಳಿದ ತೋಟಾಗಳನ್ನೂ ಒಪ್ಪಿಸಿ, ರಸೀದಿ ಪಡೆದೆವು. ಹೊರಗೆ ಬಂದ ಮೇಲೆ ಹಿರಿಯರು, "ಅಪ್ಪಯ್ಯನ ಕಾಲದ್ದು. ಹಿಡಿ ಚೆಂದ ಆಗಿತ್ತು, ಅಲ್ವಾ?" ಎಂದರು. "ಚೆಂದವೇ ಇತ್ತು ಅಣ್ಣಯ್ಯ" ಎಂದೆವು. ಚಿನ್ನದ ಚೂರಿ ಎಂದು ಹೊಟ್ಟೆಗೆ ಚುಚ್ಚಿಕೊಳ್ಳಲಾದೀತೇ ಎಂಬ ಗಾದೆ ನಾಲಿಗೆಯ ತುದಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆವು. ಇಲ್ಲಿ ಬರೆಯುತ್ತಿದ್ದೇವೆ.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟು. ಆಯುಧ ಇಟ್ಟುಕೊಂಡವರು ತೋಟಾಗಳನ್ನು ಬೇರೆ ಬೀಗದಲ್ಲಿಡಿ. ಕೈಗೆತ್ತಿಕೊಂಡಾಗಲೆಲ್ಲ ತುಂಬಿದೆ ಎಂದೇ ತಿಳಿದು ತೆರೆದು ನೋಡಿ. ಮಕ್ಕಳ ಎದುರಿಗೆ ಒರೆಸಲು ಕೂರಬೇಡಿ. ತೋಟದ ಕೋವಿ ತೋಟದಲ್ಲಿರಲಿ. ಪೇಟೆಯ ಮನೆಗೆ ಕೈಪಿಸ್ತೂಲು ನಿಜವಾಗಿ ಬೇಕೇ ಎಂದು ಮನೆಯವರೊಡನೆ ಕೂತು ಯೋಚಿಸಿ. ಪರವಾನಗಿಯ ವರ್ಗಾವಣೆ, ವಿಳಾಸ ಬದಲಾವಣೆ, ಠೇವಣಿ, ಇವುಗಳಿಗೆ ಅರ್ಜಿ ಬರೆಯಲು ತಿಳಿಯದವರು ಸಂಘದ ಕಚೇರಿಗೆ ಕಾಗದಪತ್ರಗಳನ್ನು ತನ್ನಿ, ನಾವು ಬರೆದುಕೊಡುತ್ತೇವೆ. ಕಾಗದಪತ್ರ ಮಾತ್ರ ತನ್ನಿ. ಆಯುಧವನ್ನು ತರಬೇಡಿ.